ಒಂದು ಗುಳಿಗೆ, ಎರಡು ರಕ್ಷೆ

೧೯೮೬ನೆಯ ಇಸವಿಯ ಫೆಬ್ರವರಿ ತಿಂಗಳ ಒಂದು ರಾತ್ರಿ. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನು ವ್ಯಾಸಂಗ ಮಾಡುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ ಎಂಬವರು ತಮ್ಮ ಪತಿಯೊಡನೆ ರೈಲಿನಲ್ಲಿ ವೇಲೂರಿನ ಕಡೆಗೆ ಪ್ರಯಾಣ ಮಾಡುತ್ತಿದ್ದರು. ಅವರ ಬಳಿ ಇದ್ದುದು ರಕ್ತದಿಂದ ಬೇರ್ಪಡಿಸಿದ ಸೀರಮ್ಮಿನ ಮಾದರಿಗಳು. ಅವರೇ ಆ ಮಾದರಿಗಳನ್ನು ಸಂಗ್ರಹಿಸಿದ್ದರು. ಬೇರೆ ಅನುಕೂಲವಿಲ್ಲದೆ ತಮ್ಮ ಮನೆಯ ಫ್ರಿಜ್ಜಿನಲ್ಲಿಯೇ ಕಾಪಾಡಿ ಇಟ್ಟಿದ್ದರು. ಅಮೆರಿಕದಲ್ಲಿ ೧೯೮೧ರಲ್ಲಿ ಮೊದಲು ಗುರುತಿಸಲ್ಪಟ್ಟ ಏಡ್ಸ್ ಎಂಬ ಹೊಸ ರೋಗ ಭಾರತಕ್ಕೂ ಬಂದಿದೆಯೇ ಎಂಬುದನ್ನು ಪರೀಕ್ಷಿಸುವಂತೆ ಅವರ ಗುರುಗಳಾದ ಡಾ. ಸುನೀತಿ ಸಾಲೊಮನ್ ಸೂಚಿಸಿದ್ದರು. ಅದು ಪರದೇಶದ ರೋಗ, ಈ ನೆಲಕ್ಕೆ ಬಾರದು ಎಂದು ಬಹು ಮಂದಿ ನಂಬಿದ್ದ ಕಾಲವದು. ಆದರೆ ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆದಾಗ ಆರು ಮಾದರಿಗಳಲ್ಲಿ ಸೋಂಕಿನ ಗುರುತು ಕಂಡುಬಂದಿತು. ಮುಂದೆ ಅಮೆರಿಕದಲ್ಲಿ ನಡೆದ ಮರುಪರೀಕ್ಷೆಯೂ ಅದನ್ನೇ ದೃಢಪಡಿಸಿತು.

ಆ ದಿನಗಳಲ್ಲಿ ಈ ರೋಗದ ಹೆಸರನ್ನು ಕೇಳುವುದೆಂದರೆ ಸಾವಿನ ಹೆಸರನ್ನು ಕೇಳಿದಂತೆಯೇ ಇದ್ದಿತು. ಔಷಧಿ ಇರಲಿಲ್ಲ. ಭಯವಿದ್ದಿತು, ಭಯದ ಬೆನ್ನಿಗೇ ತಿರಸ್ಕಾರವಿದ್ದಿತು. ಇಂದು ಆ ಸ್ಥಿತಿ ಬದಲಾಗಿದೆ. ಸೋಂಕನ್ನು ಬೇಗನೆ ಗುರುತಿಸಿ, ಔಷಧಿಯನ್ನು ತಪ್ಪದೆ ಸೇವಿಸುವ ವ್ಯಕ್ತಿ ಇತರರಂತೆಯೇ ದುಡಿದು, ಸಂಸಾರ ನಡೆಸಿ, ಮುಪ್ಪನ್ನು ಕಾಣಬಲ್ಲನು. ಅದಕ್ಕಿಂತಲೂ ದೊಡ್ಡ ಸಂಗತಿ ಇನ್ನೊಂದಿದೆ. ಆತನನ್ನು ಬದುಕಿಸುವ ಅದೇ ಗುಳಿಗೆ ಆತನ ಹೆಂಡತಿಯನ್ನೂ ಹುಟ್ಟಲಿರುವ ಮಗುವನ್ನೂ ಸೋಂಕಿನಿಂದ ಕಾಯುತ್ತದೆ. ತನ್ನನ್ನು ಕಾಪಾಡಿಕೊಳ್ಳುವುದು ಬೇರೆ, ತನ್ನವರನ್ನು ಕಾಪಾಡುವುದು ಬೇರೆ ಎಂಬ ಭೇದ ಇಲ್ಲಿ ಇಲ್ಲ.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಮೊದಲು ರೋಗದ ಬಗೆಯನ್ನು ತಿಳಿಯಬೇಕು. ಏಡ್ಸ್ ರೋಗಕ್ಕೆ ಕಾರಣವಾದುದು ಎಚ್.ಐ.ವಿ. ಎಂಬ ವೈರಸ್. ಇದನ್ನು ೧೯೮೩ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದರು. ಅವರಲ್ಲಿ ಫ್ರಾಂಸ್ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮಾಂಟನ್ಯೇ ಅವರಿಗೆ ೨೦೦೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನ ರಕ್ತದಲ್ಲಿ ರೋಗಗಳನ್ನು ಎದುರಿಸುವ ಬಿಳಿಯ ಕಣಗಳಿವೆ. ಅವುಗಳಲ್ಲಿ ಸಿ.ಡಿ. ೪ ಎಂಬ ಗುಂಪಿನ ಕಣಗಳು ಉಳಿದವುಗಳಿಗೆ ಎಚ್ಚರಿಕೆಯನ್ನೂ ಆಜ್ಞೆಯನ್ನೂ ನೀಡುವ ಮುಖಂಡರಂತಿವೆ. ಎಚ್.ಐ.ವಿ. ನೇರವಾಗಿ ಈ ಕಣಗಳನ್ನೇ ಹೊಕ್ಕು, ಅಲ್ಲಿಯೇ ತನ್ನ ಸಂತತಿಯನ್ನು ಬೆಳೆಸಿ, ಕೊನೆಗೆ ಅವುಗಳನ್ನು ನಾಶಮಾಡುತ್ತದೆ. ಊರ ಕಾವಲುಗಾರರ ಚಾವಡಿಯೊಳಗೇ ಕಳ್ಳರು ಬೀಡುಬಿಟ್ಟರೆ ಊರಿನ ಗತಿ ಏನಾದೀತೋ ದೇಹದ ಗತಿಯೂ ಅದೇ ಆಗುತ್ತದೆ.

ಆರೋಗ್ಯವಂತರ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಈ ಕಣಗಳು ಸಾಮಾನ್ಯವಾಗಿ ೫೦೦ರಿಂದ ೧೫೦೦ರವರೆಗೆ ಇರುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಅವು ವರ್ಷದಿಂದ ವರ್ಷಕ್ಕೆ ಕುಗ್ಗುತ್ತವೆ. ಸಂಖ್ಯೆ ೨೦೦ಕ್ಕಿಂತ ಕೆಳಗಿಳಿದಾಗ ಕ್ಷಯ, ನ್ಯುಮೋನಿಯ ಮೊದಲಾದ ರೋಗಗಳು ಸುಲಭವಾಗಿ ಮೇಲೆ ಬೀಳುತ್ತವೆ. ಈ ಕೊನೆಯ ಹಂತಕ್ಕೆ ಏಡ್ಸ್ ಎಂದು ಹೆಸರು. ಆದುದರಿಂದ ಎಚ್.ಐ.ವಿ. ಸೋಂಕು ಇರುವವರೆಲ್ಲರೂ ಏಡ್ಸ್ ರೋಗಿಗಳಲ್ಲ. ಸೋಂಕು ತಗುಲಿದ ಮೇಲೂ ವ್ಯಕ್ತಿ ಹಲವು ವರ್ಷ ಗಟ್ಟಿಮುಟ್ಟಾಗಿಯೇ ಕಾಣಬಹುದು. ಮುಖವನ್ನು ನೋಡಿ ಈ ಸೋಂಕನ್ನು ಹೇಳಲು ಯಾರಿಂದಲೂ ಸಾಧ್ಯವಿಲ್ಲ; ರಕ್ತಪರೀಕ್ಷೆಯೊಂದೇ ದಾರಿ. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿಯೂ ಅದು ಕಾಣದೆ ಇರಬಹುದು. ಅದಕ್ಕಾಗಿ ಸಂದೇಹವಿದ್ದವರು ಮೂರು ತಿಂಗಳಾದ ಮೇಲೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವುದು ಕ್ರಮ.

ಎಚ್.ಐ.ವಿ. ಹರಡುವ ದಾರಿಗಳು ನಾಲ್ಕೇ. ಸೋಂಕಿರುವವರೊಡನೆ ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತವನ್ನು ಪಡೆಯುವುದು, ಒಬ್ಬರು ಬಳಸಿದ ಸೂಜಿ ಸಿರಿಂಜುಗಳನ್ನು ಇನ್ನೊಬ್ಬರು ಬಳಸುವುದು, ಹಾಗೂ ಬಸಿರಿನಲ್ಲಿ, ಹೆರಿಗೆಯಲ್ಲಿ ಇಲ್ಲವೆ ಮೊಲೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ ಬರುವುದು. ಇವಲ್ಲದೆ ಐದನೆಯ ದಾರಿಯಿಲ್ಲ. ಕೈಕುಲುಕುವುದರಿಂದ, ಅಪ್ಪಿಕೊಳ್ಳುವುದರಿಂದ, ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ, ಒಂದೇ ಶೌಚಾಲಯವನ್ನು ಬಳಸುವುದರಿಂದ ಇದು ಹರಡದು. ಕೆಮ್ಮು ಸೀನುಗಳಿಂದಲೂ ಸೊಳ್ಳೆಯ ಕಡಿತದಿಂದಲೂ ಬಾರದು. ಈ ಎರಡು ಪಟ್ಟಿಗಳನ್ನು ಚೆನ್ನಾಗಿ ಅರಿತವನಿಗೆ ಎಲ್ಲಿ ಎಚ್ಚರ ಬೇಕು, ಎಲ್ಲಿ ಭಯ ಬೇಡ ಎಂಬುದು ತಾನಾಗಿಯೇ ತಿಳಿಯುತ್ತದೆ.

ಈಗ ಔಷಧಿಯ ಕಥೆ. ಮೊದಲ ಔಷಧಿ ೧೯೮೭ರಲ್ಲಿ ಬಂದಿತಾದರೂ ವೈರಸ್ ಅದಕ್ಕೆ ಬೇಗನೆ ಒಗ್ಗಿಕೊಂಡಿತು. ೧೯೯೬ರ ಸುಮಾರಿಗೆ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಕ್ರಮ ಆರಂಭವಾಯಿತು. ಒಂದು ಬಾಗಿಲನ್ನು ಮುಚ್ಚಿದರೆ ಇನ್ನೊಂದರಿಂದ ನುಸುಳುತ್ತಿದ್ದ ವೈರಸ್ಸಿಗೆ ಎಲ್ಲ ಬಾಗಿಲುಗಳೂ ಒಮ್ಮೆಗೇ ಮುಚ್ಚಿಹೋದವು. ಸಾವಿನ ಅಂಚಿನಲ್ಲಿದ್ದವರು ಎದ್ದು ಕೆಲಸಕ್ಕೆ ಹೊರಟರು. ಆದರೆ ಈ ಚಿಕಿತ್ಸೆಯ ಬೆಲೆ ಒಬ್ಬರಿಗೆ ವರ್ಷಕ್ಕೆ ೧೦,೦೦೦ ಡಾಲರುಗಳನ್ನೂ ಮೀರಿದ್ದಿತು. ಬಡದೇಶಗಳ ಪಾಲಿಗೆ ಔಷಧಿ ಇದ್ದೂ ಇಲ್ಲದಂತಾಯಿತು. ೨೦೦೧ರಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆಯ ಯೂಸುಫ್ ಹಮೀದ್ ಅವರು ಅದೇ ಚಿಕಿತ್ಸೆಯನ್ನು ವರ್ಷಕ್ಕೆ ೩೫೦ ಡಾಲರುಗಳಿಗೆ ಕೊಡಲು ಮುಂದೆ ಬಂದರು. ೨೦೦೪ನೆಯ ಏಪ್ರಿಲ್ ೧ರಂದು ಭಾರತ ಸರಕಾರ ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳನ್ನೂ ದೆಹಲಿಯನ್ನೂ ಅದಕ್ಕಾಗಿ ಮೊದಲು ಆರಿಸಲಾಯಿತು. ಆ ಆರರಲ್ಲಿ ಕರ್ನಾಟಕವೂ ಒಂದು. ೨೦೧೭ರಿಂದ ಸಿ.ಡಿ. ೪ ಸಂಖ್ಯೆ ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಆರಂಭಿಸುವ ನೀತಿ ಜಾರಿಗೆ ಬಂದಿತು. ಇದಕ್ಕೆ ಎ.ಆರ್.ಟಿ. ಚಿಕಿತ್ಸೆ ಎಂದು ಹೆಸರು. ಮೂರು ಔಷಧಿಗಳೂ ಒಂದೇ ಗುಳಿಗೆಯಲ್ಲಿ ಅಡಕವಾಗಿದ್ದು, ದಿನಕ್ಕೆ ಅದೊಂದನ್ನು ನುಂಗಿದರೆ ಈಗ ಬಹುಮಂದಿಗೆ ಸಾಕಾಗುತ್ತದೆ.

ಈ ಗುಳಿಗೆ ವೈರಸ್ಸನ್ನು ದೇಹದಿಂದ ಬೇರುಸಹಿತ ಕಿತ್ತೊಗೆಯಲಾರದು. ಅದು ಹೆಚ್ಚದಂತೆ ತಡೆಯುತ್ತದೆ. ಕೆಲವು ತಿಂಗಳಲ್ಲಿ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಪರೀಕ್ಷೆಗೂ ಸಿಕ್ಕದಷ್ಟು ಇಳಿಯುತ್ತದೆ. ಹಾಗೆ ಇಳಿದರೂ ಕೆಲವು ಕಣಗಳೊಳಗೆ ಅದು ಅಡಗಿಯೇ ಇರುತ್ತದೆ. ಗುಳಿಗೆಯನ್ನು ನಿಲ್ಲಿಸಿದೊಡನೆ ಮತ್ತೆ ತಲೆಯೆತ್ತುತ್ತದೆ. ಒಂದು ದಿನ ನುಂಗಿ ಇನ್ನೊಂದು ದಿನ ಬಿಟ್ಟರೆ ಔಷಧಿಗೆ ಜಗ್ಗದ ವೈರಸ್ ಹುಟ್ಟಿಕೊಳ್ಳುವ ಅಪಾಯವೂ ಉಂಟು.

ರಕ್ತದಲ್ಲಿ ವೈರಸ್ ಇಳಿದಂತೆ ಅದು ಇತರರಿಗೆ ಹರಡುವ ಸಾಧ್ಯತೆಯೂ ಇಳಿಯಬೇಕಲ್ಲವೇ? ಈ ಪ್ರಶ್ನೆಯನ್ನು ಕುರಿತು ಒಂಬತ್ತು ದೇಶಗಳಲ್ಲಿ ದೊಡ್ಡದೊಂದು ಅಧ್ಯಯನ ನಡೆಯಿತು. ಗಂಡಹೆಂಡಿರಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ೧೭೬೩ ಜೋಡಿಗಳು ಅದರಲ್ಲಿ ಪಾಲ್ಗೊಂಡರು. ಭಾರತದಿಂದ ಚೆನ್ನೈ ಮತ್ತು ಪುಣೆ ನಗರಗಳು ಸೇರಿದ್ದವು. ಡಾ. ಸುನೀತಿ ಸಾಲೊಮನ್ ಅವರು ೧೯೯೩ರಲ್ಲಿ ಸ್ಥಾಪಿಸಿದ ವೈ.ಆರ್.ಜಿ. ಕೇರ್ ಸಂಸ್ಥೆಯೇ ಚೆನ್ನೈಯ ಕೇಂದ್ರವಾಗಿದ್ದಿತು. ಬೇಗನೆ ಚಿಕಿತ್ಸೆ ಆರಂಭಿಸಿದವರಿಂದ ಬಾಳಸಂಗಾತಿಗೆ ಸೋಂಕು ಹರಡುವುದು ನೂರಕ್ಕೆ ೯೬ರಷ್ಟು ಕಡಿಮೆಯಾಗುತ್ತದೆಂದು ೨೦೧೧ರಲ್ಲಿ ತಿಳಿದುಬಂದಿತು. ೨೦೧೬ರಲ್ಲಿ ಪ್ರಕಟವಾದ ಯುರೋಪಿನ ಇನ್ನೊಂದು ಅಧ್ಯಯನದಲ್ಲಿ, ಔಷಧಿಯಿಂದ ವೈರಸ್ಸನ್ನು ಪೂರ್ತಿ ಅಡಗಿಸಿಕೊಂಡಿದ್ದವರಿಂದ ಸಂಗಾತಿಗೆ ಸೋಂಕು ದಾಟಿದ ನಿದರ್ಶನ ಒಂದೂ ಸಿಕ್ಕಲಿಲ್ಲ. ಪರೀಕ್ಷೆಗೆ ಸಿಕ್ಕದ ಮಟ್ಟದಲ್ಲಿ ವೈರಸ್ಸನ್ನು ಇರಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಅದು ಹರಡದೆಂಬುದು ಈಗ ಸರ್ವಸಮ್ಮತವಾದ ತಿಳಿವಳಿಕೆ.

ವಿಜ್ಞಾನದ ಈ ತಿಳಿವಳಿಕೆ ಮನೆಯೊಳಗೆ ಕಾಲಿಡುವಾಗ ಏನೇನು ಎಡರುಗಳನ್ನು ದಾಟಬೇಕಾಗುತ್ತದೆ? ಅದನ್ನು ತಿಳಿಯಲು ಕೃಷ್ಣಾ ನದಿಯ ದಂಡೆಯ ಊರೊಂದರ ರೈತ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಹೆಸರು ಬೇಕಿಲ್ಲ, ಇಂಥ ಮನೆ ಯಾವ ಊರಿನಲ್ಲಾದರೂ ಇರಬಹುದು. ಮನೆಯ ಯಜಮಾನ ಮೂವತ್ತೈದರ ಪ್ರಾಯದವನು. ತಾಯಿ, ಹೆಂಡತಿ, ನಾಲ್ಕು ವರ್ಷದ ಮಗಳು. ತಿಂಗಳಾದರೂ ಬಿಡದ ಕೆಮ್ಮಿನಿಂದ ಆತ ತಾಲ್ಲೂಕು ಆಸ್ಪತ್ರೆಗೆ ಹೋದನು. ಕಫದ ಪರೀಕ್ಷೆಯಲ್ಲಿ ಕ್ಷಯ ಕಂಡಿತು. ಕ್ಷಯ ಕಂಡವರಿಗೆಲ್ಲ ಎಚ್.ಐ.ವಿ. ಪರೀಕ್ಷೆಯನ್ನೂ ಮಾಡುವುದು ಪದ್ಧತಿ. ಅದರಲ್ಲಿಯೂ ಸೋಂಕು ಇದ್ದಿತು. ಅದು ಹೇಗೆ ಬಂದಿತೆಂದು ಆಪ್ತಸಮಾಲೋಚಕಿ ಕೆದಕಲಿಲ್ಲ. ಮುಂದೇನು ಮಾಡಬೇಕೆಂಬುದನ್ನು ಹೇಳಿದಳು. ಹೆಂಡತಿಗೆ ಪರೀಕ್ಷೆಯಾಯಿತು. ಆಕೆಗೆ ಸೋಂಕು ಇರಲಿಲ್ಲ. ಮೂರು ತಿಂಗಳ ಅನಂತರ ಮತ್ತೆ ನೋಡಿದಾಗಲೂ ಇರಲಿಲ್ಲ. ಆತನಿಗೆ ಮೊದಲು ಕ್ಷಯದ ಔಷಧಿ, ಕೆಲವು ವಾರಗಳಲ್ಲಿಯೇ ಎ.ಆರ್.ಟಿ. ಎರಡೂ ಆರಂಭವಾದವು. ಕ್ಷಯದ ಚಿಕಿತ್ಸೆ ಮುಗಿದ ಮೇಲೆ ರಾತ್ರಿ ಊಟವಾದ ಬಳಿಕ ನುಂಗುವ ಒಂದು ಗುಳಿಗೆ ಮಾತ್ರ ಉಳಿಯಿತು.

ಆದರೆ ಮನೆಯಲ್ಲಿ ತಾಯಿ ಮಗನ ತಾಟನ್ನೂ ಚರಿಗೆಯನ್ನೂ ಬೇರೆ ಮಾಡಿದ್ದಳು. ಮೊಮ್ಮಗಳು ಅಪ್ಪನ ತೊಡೆಯ ಮೇಲೆ ಕೂರಲು ಹೋದರೆ ಎಳೆದುಕೊಳ್ಳುತ್ತಿದ್ದಳು. ಕ್ಷಯದ ಕೆಮ್ಮಿದ್ದ ಮೊದಲ ಕೆಲವು ವಾರ ಎಚ್ಚರಿಕೆ ಬೇಕಾಗಿದ್ದುದು ನಿಜ. ಕ್ಷಯ ಗಾಳಿಯ ಮೂಲಕ ಹರಡುತ್ತದೆ. ಕೆಮ್ಮು ನಿಂತು, ಕ್ಷಯ ವಾಸಿಯಾದ ಮೇಲೂ ತಾಟು ಬೇರೆಯಾಗಿಯೇ ಉಳಿದಿದ್ದಿತು. ನೆಂಟರಿಗೆ ತಿಳಿದೀತೆಂಬ ಅಂಜಿಕೆಯಿಂದ ಆತ ಗುಳಿಗೆಯ ಡಬ್ಬಿಯನ್ನು ಜೋಳದ ಚೀಲಗಳ ಹಿಂದೆ ಅಡಗಿಸಿಡುತ್ತಿದ್ದನು. ಅಕ್ಕನ ಮಗಳ ಮದುವೆಗೆಂದು ನಾಲ್ಕು ದಿನ ಪರ ಊರಿಗೆ ಹೋದಾಗ ಡಬ್ಬಿಯನ್ನು ಒಯ್ಯಲಿಲ್ಲ. ಜಾತ್ರೆಗೆ ಹೋದಾಗಲೂ ಒಯ್ಯಲಿಲ್ಲ. ವೈರಸ್ಸಿನ ಪ್ರಮಾಣವನ್ನು ಅಳೆದಾಗ ಅದು ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಗುಳಿಗೆಗಳನ್ನು ಎಣಿಸಿದ ಸಮಾಲೋಚಕಿಗೆ ಕಾರಣ ತಿಳಿಯಿತು.

"ಅಣ್ಣಾ, ಇದನ್ನು ನಿಮ್ಮೊಬ್ಬರ ಗುಳಿಗೆ ಎಂದು ತಿಳಿಯಬೇಡಿ" ಎಂದಳು ಆಕೆ. "ಇದು ನಿಮ್ಮ ಮನೆಯವರ ಗುಳಿಗೆಯೂ ಹೌದು. ನೀವು ಬಿಟ್ಟ ದಿನ ಅವರ ಪಾಲಿನದನ್ನೂ ಬಿಟ್ಟಹಾಗೆ."

ಆತ ತಲೆ ತಗ್ಗಿಸಿದನು. ಪಕ್ಕದಲ್ಲಿದ್ದ ಹೆಂಡತಿ ಡಬ್ಬಿಯನ್ನು ತೆಗೆದುಕೊಂಡಳು. ಅಂದಿನಿಂದ ಅದು ಅಡಿಗೆಮನೆಯ ಗೂಡಿನಲ್ಲಿ, ಉಪ್ಪಿನ ಗಡಿಗೆಯ ಪಕ್ಕದಲ್ಲಿ ಇರತೊಡಗಿತು. "ಉಪ್ಪು ಮರೆತರೆ ಉಣ್ಣುವಾಗ ನೆನಪಾಗುತ್ತದೆ. ಇದೂ ಹಾಗೆಯೇ ನೆನಪಾಗಲಿ" ಎಂಬುದು ಆಕೆಯ ಮಾತು. ಮುಂದಿನ ತಿಂಗಳು ಆಕೆ ಅತ್ತೆಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು.

"ಅವ್ವಾ, ಇದು ಎಂಜಲಿನಿಂದ ಬರುವ ಬೇನೆಯಲ್ಲ. ಮೊಮ್ಮಗಳು ಅಪ್ಪನ ತಾಟಿನಲ್ಲಿ ಉಂಡರೂ ಏನೂ ಆಗುವುದಿಲ್ಲ" ಎಂದು ಸಮಾಲೋಚಕಿ ವಿವರಿಸಿದಳು.

ಮುದುಕಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದರೆ ಇಷ್ಟು ದಿನ ನನ್ನ ಮಗನನ್ನು ಒಬ್ಬನೇ ಕೂರಿಸಿ ಉಣಿಸಿದ್ದು ಯಾತಕ್ಕೆ?" ಎಂದು ಕೇಳಿದಳು. ಆ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ಅಂದು ಸಂಜೆ ಮಗಳು ಅಪ್ಪನ ತಾಟಿನಿಂದ ರೊಟ್ಟಿಯ ತುಣುಕೊಂದನ್ನು ಮುರಿದುಕೊಂಡಳು. ಅಜ್ಜಿ ನೋಡಿದಳು, ತಡೆಯಲಿಲ್ಲ.

ವೈರಸ್ ಪೂರ್ತಿ ಅಡಗುವವರೆಗೂ ಗಂಡಹೆಂಡಿರು ವೈದ್ಯರ ಸಲಹೆಯಂತೆ ಕಾಂಡೋಮನ್ನು ತಪ್ಪದೆ ಬಳಸಿದರು. ವರ್ಷವೊಂದು ಕಳೆದ ಮೇಲೆ ಪರೀಕ್ಷೆಯಲ್ಲಿ ವೈರಸ್ ಸಿಕ್ಕದಂತಾಯಿತು. ಮತ್ತೊಂದು ಮಗುವನ್ನು ಪಡೆಯುವ ಆಸೆಯನ್ನು ಅವರು ವೈದ್ಯರಲ್ಲಿ ಹೇಳಿಕೊಂಡಾಗ, ಬೇಡವೆನ್ನಲು ಕಾರಣ ಉಳಿದಿರಲಿಲ್ಲ.

ಸೋಂಕು ತಾಯಿಗೆ ಇದ್ದರೂ ಮಗುವನ್ನು ಕಾಯಲು ದಾರಿಯಿದೆ. ಯಾವ ಕ್ರಮವನ್ನೂ ಕೈಗೊಳ್ಳದಿದ್ದರೆ ಅಂಥ ತಾಯಂದಿರ ನೂರು ಮಕ್ಕಳಲ್ಲಿ ೧೫ರಿಂದ ೪೫ ಮಕ್ಕಳಿಗೆ ಸೋಂಕು ಬರಬಹುದು. ತಾಯಿ ಬಸುರಿನಲ್ಲಿ ಬೇಗನೆ ಚಿಕಿತ್ಸೆ ಆರಂಭಿಸಿ, ಹುಟ್ಟಿದ ಮಗುವಿಗೂ ಕೆಲವು ವಾರ ಔಷಧಿ ಕೊಟ್ಟರೆ ಈ ಪ್ರಮಾಣ ೫ಕ್ಕಿಂತ ಕೆಳಗಿಳಿಯುತ್ತದೆ. ಬಸುರಿಯರಿಗೆಲ್ಲ ಮೊದಲ ತಿಂಗಳುಗಳಲ್ಲಿಯೇ ರಕ್ತಪರೀಕ್ಷೆ ಮಾಡುವುದು ಇದಕ್ಕಾಗಿಯೇ. ಗುಳಿಗೆಯನ್ನು ತಪ್ಪದೆ ನುಂಗುವ ತಾಯಿ ಮೊದಲ ಆರು ತಿಂಗಳು ಮಗುವಿಗೆ ತನ್ನ ಹಾಲನ್ನು ಮಾತ್ರ ಕೊಡಬಹುದು. ಆ ಅವಧಿಯಲ್ಲಿ ತಾಯಿಯ ಹಾಲಿನೊಡನೆ ಹಸುವಿನ ಹಾಲನ್ನಾಗಲಿ ಬೇರೆ ಆಹಾರವನ್ನಾಗಲಿ ಬೆರೆಸಿ ಕೊಡುವುದು ಒಳ್ಳೆಯದಲ್ಲ. ಆರು ವಾರ ತುಂಬಿದಾಗ ಮಗುವಿನ ಮೊದಲ ರಕ್ತಪರೀಕ್ಷೆ ನಡೆಯುತ್ತದೆ.

ಸೋಂಕಿರುವವರು ಆರೋಗ್ಯವನ್ನು ಉಳಿಸಿಕೊಳ್ಳಲು ಗುಳಿಗೆಯ ಜೊತೆಗೆ ಕೆಲವು ನಿಯಮಗಳನ್ನು ಪಾಲಿಸಬೇಕು. ಅವು ದುಬಾರಿಯಾದವುಗಳಲ್ಲ. ರೊಟ್ಟಿ, ಅನ್ನ, ಮುದ್ದೆಗಳ ಜೊತೆಗೆ ಬೇಳೆಕಾಳು, ಸೊಪ್ಪು, ಮೊಟ್ಟೆ, ಹಾಲು ಇವುಗಳಲ್ಲಿ ದೊರೆತುದನ್ನು ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಶುದ್ಧವಾದ ನೀರನ್ನು ಕುಡಿಯಬೇಕು. ತಂಬಾಕನ್ನು ತ್ಯಜಿಸಬೇಕು. ಮದ್ಯ ದೇಹವನ್ನು ಕೆಡಿಸುವುದಲ್ಲದೆ ಗುಳಿಗೆಯನ್ನೂ ಮರೆಸುತ್ತದೆ. ಕೆಮ್ಮು, ಜ್ವರ, ತೂಕ ಇಳಿಯುವಿಕೆ ಇವುಗಳಲ್ಲಿ ಯಾವುದು ಕಂಡರೂ ಕ್ಷಯದ ಪರೀಕ್ಷೆ ಮಾಡಿಸಬೇಕು. ಸೋಂಕಿರುವವರಿಗೆ ಎಲ್ಲಕ್ಕಿಂತ ದೊಡ್ಡ ಶತ್ರು ಕ್ಷಯವೇ. ಕ್ಷಯ ಇಲ್ಲದವರಿಗೆ ಅದು ಬಾರದಂತೆ ತಡೆಯುವ ಔಷಧಿಯೂ ಉಂಟು. ಕ್ಷೌರದ ಬ್ಲೇಡನ್ನು ಇತರರೊಡನೆ ಹಂಚಿಕೊಳ್ಳಬಾರದು, ರಕ್ತದಾನ ಮಾಡಬಾರದು. ಮೈ ಸುಧಾರಿಸಿತೆಂದು ತಾವಾಗಿ ಔಷಧಿಯನ್ನು ಬಿಡಬಾರದು. ಚುಚ್ಚಿದ ಸೂಜಿಯಿಂದಲೋ ಬೇರೆ ಕಾರಣದಿಂದಲೋ ಯಾರಿಗಾದರೂ ಸೋಂಕು ತಗುಲಿರಬಹುದೆಂಬ ಶಂಕೆ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ೭೨ ಗಂಟೆಗಳೊಳಗೆ ಆರಂಭಿಸಿ ೨೮ ದಿನ ಸೇವಿಸುವ ಔಷಧಿ ಸೋಂಕು ನೆಲೆಯೂರದಂತೆ ತಡೆಯಬಲ್ಲದು.

ಭಾರತದಲ್ಲಿ ಸುಮಾರು ೨೫ ಲಕ್ಷ ಜನ ಈ ಸೋಂಕಿನೊಡನೆ ಬದುಕುತ್ತಿದ್ದಾರೆಂದು ೨೦೨೩ರ ಅಂದಾಜು ತಿಳಿಸುತ್ತದೆ. ಅವರ ಹಕ್ಕುಗಳ ರಕ್ಷಣೆಗಾಗಿ ಸಂಸತ್ತು ೨೦೧೭ರಲ್ಲಿ ಕಾಯಿದೆಯೊಂದನ್ನು ಮಾಡಿತು. ಅದು ೨೦೧೮ನೆಯ ಸೆಪ್ಟೆಂಬರ್ ೧೦ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣದಿಂದ ಶಾಲೆಯಲ್ಲಿ, ಉದ್ಯೋಗದಲ್ಲಿ, ಆಸ್ಪತ್ರೆಯಲ್ಲಿ, ಬಾಡಿಗೆಯ ಮನೆಯಲ್ಲಿ ಯಾರನ್ನೂ ಭೇದದಿಂದ ಕಾಣಕೂಡದು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಕೂಡದು. ಫಲಿತಾಂಶವನ್ನು ಗುಟ್ಟಾಗಿ ಇಡಬೇಕು ಎಂದು ಅದು ವಿಧಿಸುತ್ತದೆ. ಸೋಂಕು ಇತರರಿಗೆ ಹರಡದಂತೆ ಎಚ್ಚರ ವಹಿಸುವ ಹೊಣೆಯನ್ನು ಸೋಂಕಿರುವವರ ಮೇಲೂ ಅದೇ ಕಾಯಿದೆ ಹೊರಿಸುತ್ತದೆ. ಒಂದು ಕಡೆ ಹಕ್ಕು, ಇನ್ನೊಂದು ಕಡೆ ಹೊಣೆ. ಸಲಹೆ ಬೇಕಾದವರು ೧೦೯೭ ಎಂಬ ಉಚಿತ ದೂರವಾಣಿ ಸಂಖ್ಯೆಗೆ ಕರೆಮಾಡಿ ತಮ್ಮ ಹೆಸರನ್ನು ಹೇಳದೆಯೂ ಕೇಳಬಹುದು.

ಅಂದು ವೇಲೂರಿನ ರೈಲಿನಲ್ಲಿ ಮಾದರಿಗಳನ್ನು ಒಯ್ದವರಿಗೆ ಅವುಗಳಲ್ಲಿ ಏನಿದೆಯೆಂಬುದು ತಿಳಿದಿರಲಿಲ್ಲ. ತಿಳಿದ ಮೇಲೂ ಕೊಡಲು ಮದ್ದಿರಲಿಲ್ಲ. ಇಂದು ಪರೀಕ್ಷೆ ತಾಲ್ಲೂಕಿನ ಆಸ್ಪತ್ರೆಯಲ್ಲಿಯೇ ಇದೆ. ಔಷಧಿ ಉಚಿತವಾಗಿ ಸಿಕ್ಕುತ್ತದೆ. ಆದರೂ ಆಸ್ಪತ್ರೆಯಿಂದ ತಂದ ಗುಳಿಗೆ ಜೋಳದ ಚೀಲದ ಹಿಂದೆ ಅಡಗಿ ಕುಳಿತರೆ ಅದು ಯಾರನ್ನೂ ಕಾಯಲಾರದು. ಅದನ್ನು ಅಲ್ಲಿಂದ ಉಪ್ಪಿನ ಗಡಿಗೆಯ ಪಕ್ಕಕ್ಕೆ ತರುವ ಕೆಲಸ ವೈದ್ಯರದಲ್ಲ. ಮನೆಯವರದು, ನೆರೆಯವರದು, ಊರಿನವರದು.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಕಂಡುಬಂದುದು ಯಾವ ವರ್ಷದಲ್ಲಿ?
೨. ಎಚ್.ಐ.ವಿ. ದೇಹದ ಯಾವ ಕಣಗಳನ್ನು ನಾಶಮಾಡುತ್ತದೆ?
೩. ಕರ್ನಾಟಕವೂ ಸೇರಿದ ಉಚಿತ ಚಿಕಿತ್ಸೆಯ ಯೋಜನೆ ಎಂದು ಆರಂಭವಾಯಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಎಚ್.ಐ.ವಿ. ಸೋಂಕಿಗೂ ಏಡ್ಸ್ ರೋಗಕ್ಕೂ ಇರುವ ವ್ಯತ್ಯಾಸವೇನು?
೨. ಗುಳಿಗೆಯನ್ನು ನಡುವೆ ಬಿಟ್ಟರೆ ಏನಾಗುತ್ತದೆ?
೩. ತಾಯಿಯಿಂದ ಮಗುವಿಗೆ ಸೋಂಕು ಹರಡದಂತೆ ಹೇಗೆ ತಡೆಯಬಹುದು?

ಇ. ಸಂದರ್ಭವನ್ನು ತಿಳಿಸಿ ಸ್ವಾರಸ್ಯವನ್ನು ವಿವರಿಸಿರಿ.
೧. "ಇದು ನಿಮ್ಮ ಮನೆಯವರ ಗುಳಿಗೆಯೂ ಹೌದು."
೨. "ಹಾಗಾದರೆ ಇಷ್ಟು ದಿನ ನನ್ನ ಮಗನನ್ನು ಒಬ್ಬನೇ ಕೂರಿಸಿ ಉಣಿಸಿದ್ದು ಯಾತಕ್ಕೆ?"

ಈ. ಪಾಠದ ಶೀರ್ಷಿಕೆ ಹೇಗೆ ಸಾರ್ಥಕವಾಗಿದೆ ಎಂಬುದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.